ದೇಶಗಳ ಸಾರಿಗೆ ಎಷ್ಟು ಪರಿಸರಸ್ನೇಹಿ ಎಂದು ಅಳೆಯುವ ಸೂಚ್ಯಂಕದಲ್ಲಿ ಯಾವುದಕ್ಕೆ ಎಷ್ಟು ತೂಕ ಕೊಡಬೇಕು?

ಎಲ್ಲ ಸೂಚಕಗಳಿಗೂ, ಅಂದರೆ ಅಳೆಯುವ ಪ್ರತಿ ಅಂಶಕ್ಕೂ, ಸಮಾನ ತೂಕವೇ, ತಜ್ಞರನ್ನು ಕೇಳಿ ನಿಗದಿಪಡಿಸಿದ ತೂಕವೇ ಎಂದು ಕೇಳಿದ್ದೀರಿ. ಇದೇ ಪ್ರಶ್ನೆಯ ಹಿಂದೆ ನಾನು ಎಂಟು ತಿಂಗಳು ಅಲೆದಿದ್ದೇನೆ. ತಜ್ಞರಿಗೆ ಪ್ರಶ್ನಾವಳಿ ಕಳುಹಿಸಿದೆ, ಉತ್ತರಿಸದವರಿಗೆ ನಾಚಿಕೆ ಬಿಟ್ಟು ಮತ್ತೆ ಮತ್ತೆ ಬರೆದೆ. ಕೊನೆಗೆ ಸಾರಿಗೆಯ ತಲಾ ಇಂಗಾಲದ ಡೈಆಕ್ಸೈಡ್‌ಗೆ ಶೇ 30, ರೈಲು ಮಾರ್ಗದ ವಿದ್ಯುದೀಕರಣಕ್ಕೆ ಶೇ 10, ಹೀಗೆ ಹಂಚಿದೆ. ಯುರೋಪಿಯನ್ ಒಕ್ಕೂಟದ 27 ದೇಶಗಳಿಗೆ ರ್‍ಯಾಂಕ್ ಕೊಟ್ಟು ಪ್ರಬಂಧ ಸಲ್ಲಿಸಿದೆ. (ಸೈಪ್ರಸ್, ಮಾಲ್ಟಾಗಳಲ್ಲಿ ರೈಲೇ ಇಲ್ಲ ಎಂಬುದು ಆಮೇಲೆ ಹೊಳೆದದ್ದು.)

ಮೌಖಿಕ ಪರೀಕ್ಷೆಯಲ್ಲಿ ಪರೀಕ್ಷಕರು ತೂಕದ ಅಧ್ಯಾಯವನ್ನು ತೆರೆಯಲೇ ಇಲ್ಲ. ಅನುಬಂಧದಲ್ಲಿದ್ದ ಲಕ್ಸೆಂಬರ್ಗಿನ ತಲಾ ಇಂಗಾಲದ ಅಂಕಿಯ ಮೇಲೆ ಪೆನ್ಸಿಲ್ ಇಟ್ಟು, "ಲಕ್ಸೆಂಬರ್ಗಿನವರು ಬೇರೆಯವರಿಗಿಂತ ಇಷ್ಟೊಂದು ಪಟ್ಟು ವಾಹನ ಓಡಿಸುತ್ತಾರೆಯೇ?" ಎಂದರು.

ಓಡಿಸುವುದಿಲ್ಲ. ರಾಷ್ಟ್ರೀಯ ವರದಿಗಳಲ್ಲಿ ರಸ್ತೆ ಸಾರಿಗೆಯ ಇಂಗಾಲವನ್ನು ಲೆಕ್ಕ ಹಾಕುವುದು ಆ ದೇಶದಲ್ಲಿ ಮಾರಾಟವಾದ ಇಂಧನದಿಂದ. ಅದು ಎಲ್ಲಿ ಉರಿಯಿತು ಎಂಬುದರಿಂದಲ್ಲ. ಲಕ್ಸೆಂಬರ್ಗಿನಲ್ಲಿ ಇಂಧನದ ಮೇಲಿನ ತೆರಿಗೆ ಬಹುಕಾಲ ನೆರೆದೇಶಗಳಿಗಿಂತ ಕಡಿಮೆಯಿತ್ತು. ಹಾದುಹೋಗುವ ಲಾರಿಗಳೂ ಗಡಿ ದಾಟಿ ಕೆಲಸಕ್ಕೆ ಬರುವವರೂ ಅಲ್ಲೇ ಟ್ಯಾಂಕ್ ತುಂಬಿಸಿಕೊಳ್ಳುತ್ತಿದ್ದರು. ಒಂದು ಲೀಟರ್ ಡೀಸೆಲ್ ಉರಿದರೆ ಸುಮಾರು 2.7 ಕಿಲೋ ಇಂಗಾಲದ ಡೈಆಕ್ಸೈಡ್. ಹೊಗೆ ಬೇರೆ ದೇಶದಲ್ಲಿ, ಖಾತೆ ಇಲ್ಲಿ. ಅದನ್ನು ಭಾಗಿಸುವುದೋ ಆರು ಲಕ್ಷ ಚಿಲ್ಲರೆ ಜನರಿಂದ.

ಇಷ್ಟೇ ಆಗಿದ್ದರೆ ಒಂದು ಅಡಿಟಿಪ್ಪಣಿ ಬರೆದು ಪಾರಾಗುತ್ತಿದ್ದೆ. ಆದರೆ ನಾನು ಪ್ರತಿ ಸೂಚಕದಲ್ಲೂ ಅತಿ ಕೆಟ್ಟ ದೇಶಕ್ಕೆ 0, ಅತಿ ಒಳ್ಳೆಯ ದೇಶಕ್ಕೆ 1 ಕೊಟ್ಟು ಮಿಕ್ಕವರನ್ನು ನಡುವೆ ಕೂರಿಸಿದ್ದೆ. ಲಕ್ಸೆಂಬರ್ಗ್ ಒಂದೇ 0ಕ್ಕೆ ಹೋಗಿ ಕೂತದ್ದೇ, ಉಳಿದ 26 ದೇಶಗಳು 0.75ರಿಂದ 1ರ ನಡುವೆ ಒತ್ತೊತ್ತಾಗಿ ನಿಂತವು. ಇದನ್ನು ಬಿಡಿಸಿ ಹೇಳುತ್ತೇನೆ, ನನಗೇ ಅರ್ಥವಾಗಲು ಎರಡು ದಿನ ಹಿಡಿಯಿತು. ತರಗತಿಯ ಎಲ್ಲರಿಗೂ ಗಣಿತದಲ್ಲಿ 90ರ ಆಸುಪಾಸು ಬಂದರೆ ಮೊದಲ ಸ್ಥಾನವನ್ನು ತೀರ್ಮಾನಿಸುವುದು ಗಣಿತವಲ್ಲ, ಅಂಕಗಳು ಚದುರಿರುವ ಸಮಾಜ ವಿಜ್ಞಾನ. ಆ 26 ದೇಶಗಳ ನಡುವೆ ನನ್ನ ಶೇ 30ರ ಇಂಗಾಲ ನೂರಕ್ಕೆ ಹೆಚ್ಚೆಂದರೆ ಏಳೂವರೆ ಅಂಕದ (30ರ ಕಾಲು ಭಾಗ) ವ್ಯತ್ಯಾಸ ತರುತ್ತಿತ್ತು. ಶೇ 10ರ ವಿದ್ಯುದೀಕರಣ ಪೂರ್ತಿ ಹತ್ತು ತರಬಲ್ಲದಾಗಿತ್ತು. ತಜ್ಞರು ಕೊಟ್ಟ ತೂಕವನ್ನು ಒಂದು ಪುಟ್ಟ ದೇಶದ ಪೆಟ್ರೋಲ್ ಬಂಕ್‌ಗಳು ತಲೆಕೆಳಗು ಮಾಡಿದ್ದವು. ಪ್ರಬಂಧ ವಾಪಸ್ ಬಂತು. ಕಾಯುತ್ತಿದ್ದ ಕೆಲಸವೊಂದು ಅಷ್ಟರಲ್ಲಿ ಬೇರೆಯವರ ಪಾಲಾಯಿತು.

ಆದ್ದರಿಂದ ತೂಕದ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಎಲ್ಲವನ್ನೂ ಒಂದೇ ಅಂಕಿಗೆ ಇಳಿಸುವ ಹಟ ನಿಮಗೇಕೆ? ಸಾರಿಗೆಯ ಶಕ್ತಿಬಳಕೆಯನ್ನು ಅಧ್ಯಯನ ಮಾಡಿದ ಲೀ ಶಿಪ್ಪರ್ ಮತ್ತು ಸಂಗಡಿಗರು ಬಳಸಿದ ನಾಲ್ಕು ಪ್ರಶ್ನೆಗಳನ್ನು ಬೇರೆ ಬೇರೆಯಾಗಿಯೇ ಇಡಿ: ಸಂಚಾರ ಎಷ್ಟು, ಯಾವ ವಾಹನದಲ್ಲಿ, ಕಿಲೋಮೀಟರಿಗೆ ಎಷ್ಟು ಶಕ್ತಿ, ಆ ಇಂಧನದಲ್ಲಿ ಎಷ್ಟು ಇಂಗಾಲ. ನಾರ್ವೆಯಲ್ಲಿ 2024ರಲ್ಲಿ ಮಾರಾಟವಾದ ಹೊಸ ಕಾರುಗಳಲ್ಲಿ ಸುಮಾರು ಶೇ 89 ಬ್ಯಾಟರಿಯವು. ಕೊನೆಯ ಪ್ರಶ್ನೆಗೆ ಅದು ಭರ್ಜರಿ ಉತ್ತರ, ಮೊದಲೆರಡಕ್ಕೆ ಉತ್ತರವೇ ಅಲ್ಲ.

ಇನ್ನೊಂದು. ಅಂತರರಾಷ್ಟ್ರೀಯ ವಿಮಾನ ಮತ್ತು ಹಡಗುಗಳ ಇಂಧನ ರಾಷ್ಟ್ರೀಯ ಮೊತ್ತಕ್ಕೆ ಸೇರುವುದಿಲ್ಲ, ವರದಿಯಲ್ಲಿ ಪ್ರತ್ಯೇಕ ಸಾಲಿನಲ್ಲಿರುತ್ತದೆ. ಸೇರಿಸಬೇಕೆಂದೇ ನನ್ನ ವಾದ. ಆದರೆ ಸೇರಿಸಿದ ಕೂಡಲೇ ಹಡಗುಗಳಿಗೆ ಇಂಧನ ತುಂಬಿಸುವ ಮಾಲ್ಟಾ ನಿಮ್ಮ ಪಾಲಿನ ಲಕ್ಸೆಂಬರ್ಗ್ ಆಗುತ್ತದೆ. ತಜ್ಞರಿಗೆ ಪತ್ರ ಬರೆಯುವ ಮೊದಲು ಪ್ರತಿ ಸೂಚಕದ ಅಂಕಿಗಳನ್ನು ಗ್ರಾಫಿನಲ್ಲಿ ಹಾಕಿ, ಒಂಟಿಯಾಗಿ ದೂರ ನಿಂತ ಚುಕ್ಕೆ ಯಾವುದೆಂದು ನೋಡಿಕೊಳ್ಳಿ.