ಎರಡೇ ವರ್ಷ ಅಂತ ಹೊರಟಾಗ

ನಿಮ್ಮ ಪತ್ರ ಓದಿದೆ. ಹೊಸ ಹುದ್ದೆಯಲ್ಲಿ ಸಂಬಳ ಹೆಚ್ಚುಕಡಿಮೆ ದುಪ್ಪಟ್ಟು, ಆದರೆ ಅರ್ಧ ತಿಂಗಳು ಊರೂರು ಸುತ್ತಬೇಕು. ಮಗಳಿಗೆ ಈಗ ಆರು ವರ್ಷ. ಯಜಮಾನರು 'ನಿನ್ನಿಷ್ಟ' ಅಂದಿದ್ದಾರೆ. 'ಎರಡೇ ವರ್ಷ ದುಡಿದು ಬಿಟ್ಟುಬಿಡ್ತೀನಿ, ತಪ್ಪಾ?' ಅಂತ ಕೇಳಿದ್ದೀರಿ.

ಖಂಡಿತ ತಪ್ಪಲ್ಲ. ದೊಡ್ಡ ಹುದ್ದೆ ಬೇಕು ಅನ್ನಿಸಿದ್ದಕ್ಕೆ ನೀವು ಯಾರ ಮುಂದೆಯೂ ತಲೆ ತಗ್ಗಿಸಬೇಕಿಲ್ಲ.

ನನ್ನ ಚಿಂತೆ ಆ ಎರಡು ವರ್ಷದ್ದು. ಸಂಬಳ ಏರಿದ ಹಾಗೆ ಮನೆ ಖರ್ಚೂ ಏರುತ್ತದೆ. ದೊಡ್ಡ ಮನೆ, ಅದಕ್ಕೊಂದು ಸಾಲ, ಮಗಳಿಗೆ ದುಬಾರಿ ಶಾಲೆ. ಎರಡು ವರ್ಷ ಮುಗಿಯುವ ಹೊತ್ತಿಗೆ ನೀವು ಕೆಲಸ ಬಿಡಬೇಕೆಂದರೂ ಸಾಲದ ಕಂತು ಬಿಡುವುದಿಲ್ಲ. ಹಾಗಾಗಿ ಹುದ್ದೆ ಒಪ್ಪಿಕೊಂಡರೆ ಮನೆಯನ್ನು ಹಳೇ ಸಂಬಳದಲ್ಲೇ ನಡೆಸಿ. ಹೆಚ್ಚಿಗೆ ಬಂದದ್ದು ಸಂಬಳದ ದಿನವೇ ಬೇರೆ ಖಾತೆಗೆ ಹೋಗಲಿ. ಹಳೇ ಸಾಲ ಇದ್ದರೆ ಮೊದಲು ಅದು ತೀರಲಿ. ನೀವಿಲ್ಲದ ದಿನ ಮನೆಗೆ ಬೇಕಾಗುವ ಸಹಾಯಕ್ಕೆ ಮಾತ್ರ ಕೈ ಬಿಗಿ ಹಿಡಿಯಬೇಡಿ.

ಇನ್ನು ಗಂಟೆಗಳ ಲೆಕ್ಕ. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 2021ರಲ್ಲಿ ಒಂದು ಅಧ್ಯಯನ ಪ್ರಕಟಿಸಿದವು. ವಾರಕ್ಕೆ 35ರಿಂದ 40 ಗಂಟೆ ದುಡಿಯುವವರಿಗಿಂತ 55 ಗಂಟೆ ಅಥವಾ ಅದಕ್ಕೂ ಜಾಸ್ತಿ ದುಡಿಯುವವರಿಗೆ ಪಾರ್ಶ್ವವಾಯುವಿನ ಅಪಾಯ ಸುಮಾರು ಶೇ. 35ರಷ್ಟು ಹೆಚ್ಚು ಅನ್ನುತ್ತದೆ ಅದು. ಈಗ ಆ ಹುದ್ದೆಯಲ್ಲಿ ಇರುವವರನ್ನೇ ಕೇಳಿ. ಮನೆ ಸೇರುವುದು ಎಷ್ಟು ಹೊತ್ತಿಗೆ? ರಜೆಯ ದಿನ ಫೋನ್ ಬರುತ್ತಾ? ಪ್ರಯಾಣ ತಿಂಗಳ ಮೊದಲೇ ಗೊತ್ತಾಗುತ್ತಾ, ಹಿಂದಿನ ರಾತ್ರಿಯಾ? ಕೊನೆಯದು ನಿಮ್ಮ ಮಗಳ ಮಟ್ಟಿಗೆ ಬಹಳ ಮುಖ್ಯ. ಅಮ್ಮ ಬುಧವಾರ ಬರ್ತಾಳೆ ಅಂತ ಕ್ಯಾಲೆಂಡರಿನಲ್ಲಿ ಗುರುತು ಹಾಕಿದ್ದರೆ ಮಗು ಕಾಯುತ್ತದೆ. 'ಇವತ್ತೇ ಬರ್ತೀನಿ' ಅಂದು ಬರದಿದ್ದರೆ, ಅದನ್ನು ಮರೆಸುವುದು ಕಷ್ಟ.

ಯಜಮಾನರ ಮಾತಿಗೆ ಬರೋಣ. 'ನಿನ್ನಿಷ್ಟ' ಅಂದರೆ ಒಪ್ಪಿದ ಹಾಗಲ್ಲ. ನಾಳೆ ತೊಂದರೆಯಾದರೆ 'ನೀನೇ ಆರಿಸಿಕೊಂಡಿದ್ದಲ್ವಾ' ಅನ್ನೋದಕ್ಕೆ ಅದರಲ್ಲಿ ಜಾಗ ಇದೆ. ಅವರನ್ನು ಕೂರಿಸಿಕೊಂಡು ಬಿಡಿಸಿ ಕೇಳಿ: ಮಗಳಿಗೆ ಜ್ವರ ಅಂತ ಶಾಲೆಯಿಂದ ಫೋನ್ ಬಂದರೆ ಯಾರು ಹೋಗಬೇಕು? ಬೆಳಿಗ್ಗೆ ಎಬ್ಬಿಸಿ, ಸ್ನಾನ ಮಾಡಿಸಿ, ಡಬ್ಬಿ ಕಟ್ಟುವುದು ಯಾರು? 'ನಾನು' ಅಂತ ಹೇಳಿ, ಅದಕ್ಕೆ ತಕ್ಕ ಹಾಗೆ ತಮ್ಮ ಕಚೇರಿಯ ಹೊತ್ತನ್ನೂ ಹೊಂದಿಸಿಕೊಂಡರೆ ಧೈರ್ಯವಾಗಿ ಒಪ್ಪಿಕೊಳ್ಳಿ. ಉತ್ತರ ಬರದಿದ್ದರೆ ಕಚೇರಿಯಲ್ಲಿ ಆರು ತಿಂಗಳ ಸಮಯ ಕೇಳಿ ನೋಡಿ.