ಓದುಗರ ಪ್ರಶ್ನೆ: ಹಿತ್ತಲ ಫೀಡರ್‌ಗೆ ಓರಿಯೋಲ್ ಹಕ್ಕಿ ಬರಬೇಕಾದರೆ

ಪ್ರಶ್ನೆ: ಜೂನ್ ಮೊದಲ ವಾರ ಕಿತ್ತಳೆ ಬಣ್ಣದ ದುಬಾರಿ ಫೀಡರ್ (ಹಕ್ಕಿಗಳಿಗೆ ಆಹಾರ ಇಡುವ ಪಾತ್ರೆ) ತಂದು ಹಿತ್ತಲಲ್ಲಿ ತೂಗುಹಾಕಿದೆವು. ಪಕ್ಕದ ಮನೆಗೆ ಬಾಲ್ಟಿಮೋರ್ ಓರಿಯೋಲ್‌ಗಳು ಬರುತ್ತವೆ, ನಮ್ಮತ್ತ ಸುಳಿಯುವುದೇ ಇಲ್ಲ. ಎಲ್ಲಿ ತಪ್ಪಿದ್ದೇವೆ? (ಡೆಟ್ರಾಯಿಟ್ ಸಮೀಪ, ಮಿಶಿಗನ್)

ಉತ್ತರ: ಫೀಡರ್ ಸರಿಯಾಗೇ ಇದೆ, ದಿನ ತಪ್ಪಿದೆ. ಚಳಿಗಾಲವನ್ನು ಮಧ್ಯ ಅಮೆರಿಕ, ಕೆರಿಬಿಯನ್ ಮತ್ತು ದಕ್ಷಿಣ ಅಮೆರಿಕದ ಉತ್ತರ ಭಾಗದಲ್ಲಿ ಕಳೆಯುವ ಈ ಹಕ್ಕಿಗಳು ನಿಮ್ಮ ಕಡೆಗೆ ಏಪ್ರಿಲ್ ಕೊನೆಯಿಂದ ಮೇ ಮೊದಲ ವಾರಗಳ ನಡುವೆ ಬರುತ್ತವೆ. ಆಗ ಮರಗಳು ಚಿಗುರುತ್ತಿರುತ್ತವೆ ಅಷ್ಟೆ, ಹುಳುಹುಪ್ಪಟೆ ಕಡಿಮೆ. ಹಾರಿ ದಣಿದ ಹಕ್ಕಿಗೆ ಸಿಹಿ ಕಂಡರೆ ಇಳಿಯುತ್ತದೆ, ಒಮ್ಮೆ ಕಂಡ ಜಾಗಕ್ಕೆ ಮತ್ತೆ ಮತ್ತೆ ಬರುತ್ತದೆ. ಪಕ್ಕದ ಮನೆಯವರು ಮೊದಲೇ ಹಾಕಿದ್ದರು ಎಂದೇ ನಮ್ಮ ಊಹೆ. ಮುಂದಿನ ವರ್ಷ ಏಪ್ರಿಲ್ 20ರ ಹೊತ್ತಿಗೆ ಎಲ್ಲ ಸಿದ್ಧವಿರಲಿ.

ಜೂನ್‌ನಲ್ಲಿ ಗೂಡಿನಲ್ಲಿ ಮರಿಗಳಿರುತ್ತವೆ. ಮರಿಗಳು ಬೆಳೆಯಲು ಪ್ರೋಟೀನ್ ಬೇಕು, ಹಾಗಾಗಿ ತಂದೆ ತಾಯಿ ಎರಡೂ ಕಂಬಳಿಹುಳು ಹಿಡಿಯುವುದರಲ್ಲೇ ಮುಳುಗಿರುತ್ತವೆ. ಆಗ ಸಣ್ಣ ಬಟ್ಟಲಲ್ಲಿ ಮೀಲ್‌ವರ್ಮ್ (ಹಕ್ಕಿಗಳ ಆಹಾರವಾಗಿ ಮಾರುವ ಹುಳು) ಇಡಿ, ಒಣಗಿದ್ದಾದರೆ ನೀರಲ್ಲಿ ನೆನೆಸಿ. ಮರಿಗಳು ಗೂಡು ಬಿಟ್ಟ ಮೇಲೆ ಇಡೀ ಸಂಸಾರವೇ ಮತ್ತೆ ಸಿಹಿಗೆ ಬರುವುದುಂಟು. ಆದ್ದರಿಂದ ಫೀಡರ್ ಈಗಲೇ ತೆಗೆದಿಡಬೇಡಿ.

ಇನ್ನು ಜಾಗ. ಓರಿಯೋಲ್ ಮರದ ತುದಿಯಲ್ಲಿ ಓಡಾಡುವ ಹಕ್ಕಿ. ಸೂರಿನ ಕೆಳಗೆ ಅಡಗಿಸಿಟ್ಟದ್ದು ಅದಕ್ಕೆ ಕಾಣದು. ಮೇಲಿನಿಂದ ಕಾಣುವಂತೆ, ಎತ್ತರದ ಮರಗಳ ಹತ್ತಿರ ತೂಗುಹಾಕಿ. ಕಿಟಕಿಯ ಗಾಜಿನಿಂದ ಒಂದೋ 3 ಅಡಿಯೊಳಗೆ, ಇಲ್ಲವೇ 30 ಅಡಿಗಿಂತ ದೂರ. ನಡುವಿನ ದೂರದಲ್ಲಿ ಬೆದರಿ ಹಾರಿದ ಹಕ್ಕಿ ಗಾಜಿಗೆ ಜೋರಾಗಿ ಬಡಿಯುತ್ತದೆ. ಫೀಡರ್ ಇಲ್ಲದಿದ್ದರೂ ಸರಿ: ಕಿತ್ತಳೆಯನ್ನು ಅಡ್ಡಲಾಗಿ ಎರಡು ಹೋಳು ಮಾಡಿ, ಕತ್ತರಿಸಿದ ಭಾಗ ಹೊರಗೆ ಕಾಣುವಂತೆ ಮೊಳೆಗೆ ಚುಚ್ಚಿದರೆ ಸಾಕು. ಒಣಗಿದ, ಬೂಸ್ಟು ಹಿಡಿದ ಹೋಳನ್ನು ಕಿತ್ತೆಸೆಯಿರಿ.

ಮರಗಳಿಗೆ ಕೀಟನಾಶಕ ಹೊಡೆಸುತ್ತಿದ್ದರೆ ಮೇಲಿನದ್ದೆಲ್ಲ ದಂಡ.

ಪ್ರಶ್ನೆ: ಸಕ್ಕರೆ ನೀರಿನ ಹದ ಹೇಳಿ. ಬೆಲ್ಲ ಅಥವಾ ಜೇನು ಆರೋಗ್ಯಕ್ಕೆ ಒಳ್ಳೆಯದಲ್ಲವೇ? (ಕೊಲಂಬಸ್, ಒಹಾಯೊ)

ಉತ್ತರ: ನಮಗೆ ಒಳ್ಳೆಯದಿರಬಹುದು, ಹಕ್ಕಿಗಲ್ಲ. ನೀರು ಬೆರೆಸಿದ ಜೇನು ಬೇಗ ಹುಳಿತು ಶಿಲೀಂಧ್ರ ಬೆಳೆಸುತ್ತದೆ, ಬೆಲ್ಲದಲ್ಲಿ ಕಬ್ಬಿಣದಂಥ ಖನಿಜಾಂಶ ಹೆಚ್ಚು. ಸಾದಾ ಬಿಳಿ ಸಕ್ಕರೆಯೇ ಸರಿ: 1 ಕಪ್ ಸಕ್ಕರೆಗೆ 6 ಕಪ್ ನೀರು. ಹಮ್ಮಿಂಗ್‌ಬರ್ಡ್‌ಗೆ ಮಾಡುವ 1:4ರ ಪಾಕಕ್ಕಿಂತ ತೆಳು. ಬಿಸಿ ನೀರಲ್ಲಿ ಕರಗಿಸಿ, ಪೂರ್ತಿ ಆರಿಸಿ ತುಂಬಿ. ಬಣ್ಣ ಬೇಡ. ಸೆಕೆಯ ದಿನಗಳಲ್ಲಿ ಎರಡು ದಿನಕ್ಕೊಮ್ಮೆ ಬದಲಿಸಿ, ವಿಪರೀತ ಬಿಸಿಲಿದ್ದರೆ ದಿನಾಲೂ. ದ್ರವ ಮಬ್ಬಾಗಿದ್ದರೆ ಕೆಟ್ಟಿದೆ ಎಂದೇ ಅರ್ಥ. ಪ್ರತಿ ಸಲ ಬಿಸಿ ನೀರು, ಬ್ರಷ್ ಹಾಕಿ ತೊಳೆದೇ ಮತ್ತೆ ತುಂಬಿ.

ದ್ರಾಕ್ಷಿ ಜೆಲ್ಲಿ ಅವಕ್ಕೆ ಪಂಚಪ್ರಾಣ, ಆದರೆ ಒಂದು ಸಲಕ್ಕೆ ಒಂದೆರಡು ಚಮಚ ಮಾತ್ರ. ದೊಡ್ಡ ಬಟ್ಟಲು ತುಂಬ ಇಟ್ಟರೆ ಸಣ್ಣ ಹಕ್ಕಿಗಳು ಅದರಲ್ಲಿ ಬಿದ್ದು ರೆಕ್ಕೆ ಅಂಟಿಸಿಕೊಂಡು ಸಾಯುತ್ತವೆ. ಶುಗರ್‌ಫ್ರೀ ಜೆಲ್ಲಿ ಕೊಡಲೇಬೇಡಿ.

ಪ್ರಶ್ನೆ: ಇರುವೆ, ಕಣಜಗಳ ಕಾಟ. ಕಂಬಕ್ಕೆ ಎಣ್ಣೆ ಬಳಿಯಬಹುದೇ? (ಎಡಿಸನ್, ನ್ಯೂಜೆರ್ಸಿ)

ಉತ್ತರ: ಬೇಡ. ಎಣ್ಣೆಯಾಗಲಿ ಗ್ರೀಸ್ ಆಗಲಿ ಗರಿಗೆ ಅಂಟಿದರೆ ಹಕ್ಕಿ ತಿಕ್ಕಿ ತೆಗೆಯಲಾರದು. ಹಳೆಯ ಅಡುಗೆಮನೆಗಳಲ್ಲಿ ಕಪಾಟಿನ ಕಾಲುಗಳನ್ನು ನೀರಿನ ಬಟ್ಟಲಲ್ಲಿ ನಿಲ್ಲಿಸುತ್ತಿದ್ದರಲ್ಲ, ಅದೇ ಉಪಾಯ: ಕೊಕ್ಕೆಗೂ ಫೀಡರ್‌ಗೂ ನಡುವೆ ನೀರು ತುಂಬಿದ ಬಟ್ಟಲು ಸಿಕ್ಕಿಸಿ. ಬರೀ ನೀರು ಸಾಕು, ಒಣಗದಂತೆ ನೋಡಿಕೊಳ್ಳಿ. ಕಣಜದ ಕಾಟ ತಪ್ಪಿಸಲು ತಟ್ಟೆಯಾಕಾರದ ಫೀಡರ್ ವಾಸಿ. ಅದರಲ್ಲಿ ದ್ರವ ತೂತಿನಿಂದ ಕೆಳಗಿರುತ್ತದೆ, ಕಣಜಕ್ಕೆ ಎಟಕುವುದಿಲ್ಲ. ಆಗಸ್ಟ್‌ನಲ್ಲಿ ಕಾಟ ವಿಪರೀತವಾದರೆ ಜೆಲ್ಲಿಯನ್ನೇ ಕೆಲವು ದಿನ ನಿಲ್ಲಿಸಿ.

ಪ್ರಶ್ನೆ: ಗೂಡಿಗೆಂದು ಉಲ್ಲನ್ ದಾರ ನೇತುಹಾಕಬಹುದೇ? (ಅದೇ ಓದುಗರು)

ಉತ್ತರ: ಹೆಣ್ಣು ಹಕ್ಕಿ ನಾರು ಹೆಣೆದು ಜೋಳಿಗೆಯಂಥ ಗೂಡು ಕಟ್ಟುವುದು ನಿಜ. ಆದರೆ ಉದ್ದ ದಾರ ಮರಿಯ ಕಾಲಿಗೆ ಸುತ್ತಿಕೊಳ್ಳುತ್ತದೆ. ಬಣ್ಣ ಹಾಕದ ಹತ್ತಿ ಅಥವಾ ಸೆಣಬಿನ ನಾರನ್ನು 6 ಇಂಚಿಗಿಂತ ಚಿಕ್ಕದಾಗಿ ಕತ್ತರಿಸಿ ಇಡಿ. ನೈಲಾನ್ ಬೇಡ.

ಪ್ರಶ್ನೆ: ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯಲ್ಲಿ ಬಾಲ್ಟಿಮೋರ್ ಓರಿಯೋಲ್ ಸಿಗುತ್ತದೆಯೇ?

ಉತ್ತರ: ಅದು ಅಮೆರಿಕದ ಪೂರ್ವ ಭಾಗದ ಹಕ್ಕಿ. ನಿಮ್ಮಲ್ಲಿ ಬುಲಕ್ಸ್ ಓರಿಯೋಲ್, ಹೂಡೆಡ್ ಓರಿಯೋಲ್ ಸಿಗುತ್ತವೆ. ಹೂಡೆಡ್ ಓರಿಯೋಲ್ ಬೀಸಣಿಗೆಯಂಥ ಎಲೆಯ ತಾಳೆ ಜಾತಿಯ ಮರಗಳ ಎಲೆಯಡಿ ಗೂಡು ಹೊಲಿಯುತ್ತದೆ, ಹಮ್ಮಿಂಗ್‌ಬರ್ಡ್ ಫೀಡರ್‌ಗೂ ಬಾಯಿ ಹಾಕುತ್ತದೆ. ಮಾರ್ಚ್ ಮಧ್ಯದೊಳಗೆ ಫೀಡರ್ ಹೊರಗಿರಲಿ.

ಪ್ರಶ್ನೆ: ಇವನ್ನೆಲ್ಲ ಮೈಸೂರಿನ ನಮ್ಮ ಹೊನ್ನಕ್ಕಿಗೂ ಮಾಡಬಹುದೇ?

ಉತ್ತರ: ಹೊನ್ನಕ್ಕಿಗೂ ಇಂಗ್ಲಿಷ್‌ನಲ್ಲಿ ಓರಿಯೋಲ್ ಎನ್ನುತ್ತಾರೆ, ಆದರೆ ಹೆಸರಷ್ಟೇ ಒಂದು, ಕುಟುಂಬವೇ ಬೇರೆ. ಜೆಲ್ಲಿ ಇಟ್ಟರೆ ಇರುವೆ ಬರುತ್ತದೆ, ಹೊನ್ನಕ್ಕಿ ಬರುವುದಿಲ್ಲ. ಅದಕ್ಕೆ ಮರವೇ ಫೀಡರ್. ಜಾಗ ಕಡಿಮೆಯಿದ್ದರೆ ಗಸಗಸೆ ಹಣ್ಣಿನ ಮರ ನೆಡಿ, ಬೇಗ ಫಲ ಬಿಡುತ್ತದೆ. ವಿಶಾಲ ಜಾಗವಿದ್ದರೆ ಅತ್ತಿ, ಗೋಣಿ, ಮಕರಂದಕ್ಕೆ ಬೂರುಗ, ಹಾಲವಾಣ. ಕಣ್ಣಿಗೆ ಮಾತ್ರ ಕಪ್ಪು ಗೆರೆಯಿರುವ ಹೊನ್ನಕ್ಕಿ ಚಳಿಗಾಲದ ಅತಿಥಿ, ಬೇಸಿಗೆಯಲ್ಲಿ ಕಾಯಬೇಡಿ. ಇಡೀ ತಲೆ ಕಪ್ಪಗಿರುವುದು ವರ್ಷವಿಡೀ ಇಲ್ಲೇ ಇರುತ್ತದೆ.