ಆಫೀಸ್ ಪಾರ್ಟಿಯಲ್ಲಿ ಮದ್ಯ: ಕಂಪನಿಯ ಹೊಣೆ ಎಲ್ಲಿಯವರೆಗೆ?

ಆಫೀಸ್ ಪಾರ್ಟಿಯಲ್ಲಿ ಮದ್ಯ ಕೊಟ್ಟರೆ ಕಂಪನಿಯ ಹೊಣೆ ಎಷ್ಟು ಎಂದು, ಪಾರ್ಟಿ ಏರ್ಪಡಿಸುತ್ತಿರುವ ನೀವು ಕೇಳಿದ್ದೀರಿ. ‘ಪಾರ್ಟಿ ಆಫೀಸಿನ ಹೊರಗೆ, ಕುಡಿದು ಏನಾದರೂ ಆದರೆ ಅವರವರ ಜವಾಬ್ದಾರಿ’ ಅಂತ ನಿಮ್ಮ ಮ್ಯಾನೇಜರ್ ಹೇಳಿದ್ದಾರಲ್ಲ, ತೊಡಕು ಇರುವುದೇ ಆ ಮಾತಿನಲ್ಲಿ. 2013ರ ಲೈಂಗಿಕ ಕಿರುಕುಳ ತಡೆ ಕಾಯ್ದೆಯ ಪ್ರಕಾರ ಕೆಲಸದ ನಿಮಿತ್ತ ಹೋದ ಜಾಗವೂ, ಅದಕ್ಕೆ ಕಂಪನಿ ಕೊಟ್ಟ ವಾಹನವೂ ಕೆಲಸದ ಸ್ಥಳವೇ. ದೂರು ಬಂದರೆ ‘ಕುಡಿದಿದ್ದ, ಗೊತ್ತಾಗಲಿಲ್ಲ’ ಎಂದು, ಇಂಥ ದೂರು ವಿಚಾರಿಸುವ ಕಂಪನಿಯ ಆಂತರಿಕ ಸಮಿತಿ ಕೈತೊಳೆದುಕೊಳ್ಳುವಂತಿಲ್ಲ.

ಮೊದಲು ಮದ್ಯದ ಸನ್ನದು, ಅಂದರೆ ಪರವಾನಗಿ ನೋಡಿ. ಕರ್ನಾಟಕದಲ್ಲಿ ಹೋಟೆಲ್, ವಸತಿಗೃಹಗಳಿಗೆ ಕೊಡುವ ಸಿಎಲ್-7 ಸನ್ನದು ರೆಸಾರ್ಟ್‌ಗೆ ಇದ್ದರೆ ಅವರೇ ಬಡಿಸಲಿ, ನೀವು ಬಾಟಲಿ ಒಯ್ಯಬೇಡಿ. ಆಫೀಸಿನ ಟೆರೇಸ್ ಅಥವಾ ಫಾರ್ಮ್‌ಹೌಸ್ ಆದರೆ ಅಬಕಾರಿ ಇಲಾಖೆಯಿಂದ ಸಿಎಲ್-5 ತಾತ್ಕಾಲಿಕ ಸನ್ನದು ಪಡೆಯಿರಿ. 21 ತುಂಬದ ಇಂಟರ್ನ್‌ಗಳಿಗೆ ಕೊಡಲೇಬೇಡಿ.

ಆಮೇಲೆ ಕ್ಯಾಬ್. ಎಲ್ಲಕ್ಕಿಂತ ಮುಖ್ಯವಾದದ್ದು ಇದೇ. ಬಜೆಟ್ ಸಾಲದಿದ್ದರೆ ಮದ್ಯ ಕಡಿಮೆ ಮಾಡಿ, ಕ್ಯಾಬ್ ಬಿಡಬೇಡಿ. ವಾಹನ ಓಡಿಸುವವರಿಗೆ ಮಿತಿ 100 ಮಿ.ಲೀ. ರಕ್ತಕ್ಕೆ 30 ಮಿ.ಗ್ರಾಂ., ಎರಡು ಪೆಗ್‌ಗೇ ದಾಟಬಹುದು. ಸ್ವಂತ ಗಾಡಿ ತರಬೇಡಿ ಎಂದು ಮೇಲ್‌ನಲ್ಲೇ ಬರೆಯಿರಿ. ಊಟ ತಡವಾಗಿ ಇಡುವುದು ಎಲ್ಲರೂ ಮಾಡುವ ತಪ್ಪು, ಖಾಲಿ ಹೊಟ್ಟೆಗೆ ಬೇಗ ಏರುತ್ತದೆ. ಊಟ ಮೊದಲೇ ತೆರೆಸಿ, ಕ್ಯಾಬ್ ಹೊರಡುವ ಒಂದು ಗಂಟೆ ಮುಂಚೆ ಬಾರ್ ಮುಚ್ಚಿಸಿ. ಕುಡಿಯದ ಇಬ್ಬರು ಹಿರಿಯರು ಕೊನೆಯವರೆಗೂ ಇರಲಿ.

ಇನ್ನು ಗಾಯ, ಸಾವು ಆದರೆ ಕಂಪನಿ ಕೊಡಬೇಕಾದ ಪರಿಹಾರಧನ. ಕುಡಿತದಿಂದಲೇ ಆದ ಗಾಯಕ್ಕೆ ಕಂಪನಿಗೆ ವಿನಾಯಿತಿ ಇದೆ. ಸಾವಿಗೆ, ಶಾಶ್ವತ ಪೂರ್ಣ ಅಂಗವೈಕಲ್ಯಕ್ಕೆ ಅದಿಲ್ಲ. ಮರಳುವ ದಾರಿಯ ಅಪಘಾತ ಕೆಲಸಕ್ಕೆ ಸಂಬಂಧಿಸಿದ್ದೇ ಎಂಬುದಕ್ಕೆ ಒಂದೇ ಉತ್ತರವಿಲ್ಲ. ಹಾಜರಿ ಕಡ್ಡಾಯವಿತ್ತೇ, ವಾಹನ ಯಾರದು ಎಂಬ ವಿವರಗಳ ಮೇಲೆ ನಿಲ್ಲುತ್ತದೆ. ಆದ್ದರಿಂದ ಬರುವುದು ಐಚ್ಛಿಕವೆಂದು ಇವತ್ತೇ ಲಿಖಿತವಾಗಿ ಕಳಿಸಿ.